ಹಳೆ ಅಂಗಡಿ ಕಟ್ಟಡಕ್ಕೆ ಹೊಸ ಕೆಲಸ: ಕಾಸರಗೋಡಿನ ಮಾಲಕರಿಗೊಂದು ಮಾರ್ಗದರ್ಶಿ

ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ರಸ್ತೆ ಬದಿಯ ಅಂಗಡಿ ಸಾಲುಗಳ ಲೆಕ್ಕವೇ ತಿರುಗಿಹೋಗಿದೆ. ಕೆಲವು ಕಟ್ಟಡ ಪೂರ್ತಿ ಹೋದವು. ಕೆಲವಕ್ಕೆ ಎದುರಿನ ಭಾಗ ಮಾತ್ರ ಹೋಯಿತು. ಉಳಿದವು ಈಗ ಸರ್ವಿಸ್ ರೋಡಿನ ಬದಿಗೆ ಬಿದ್ದಿವೆ. ಕಾಸರಗೋಡು ಪೇಟೆಯೊಳಗೆ ಬೇರೆ ಕತೆ. ವ್ಯಾಪಾರ ಹೊಸ ಬಸ್ ನಿಲ್ದಾಣದ ಕಡೆಗೆ, ಅಲ್ಲಿಂದ ಕಲೆಕ್ಟರೇಟ್ ಇರುವ ವಿದ್ಯಾನಗರದ ಕಡೆಗೆ ಸರಿಯುತ್ತಾ ಹೋದ ಹಾಗೆ ಹಳೆ ಪೇಟೆಯ ಮಾಳಿಗೆಗಳಲ್ಲಿ ‘ಬಾಡಿಗೆಗಿದೆ’ ಬೋರ್ಡು ನೇತಾಡತೊಡಗಿತು. ಆ ಕಟ್ಟಡಗಳ ರೂಪ ನಿಮಗೆ ಗೊತ್ತೇ ಇದೆ. ಕೆಳಗೆ ಆರೇಳು ಶಟರ್, ಮೇಲೆ ಲಾಡ್ಜ್ ರೂಮು ಇಲ್ಲವೇ ಆಫೀಸು, ನಡುವೆ ಒಬ್ಬರು ಇಳಿಯುವಾಗ ಇನ್ನೊಬ್ಬರು ನಿಂತು ಕಾಯಬೇಕಾದ ಮೆಟ್ಟಿಲು, ಹಿಂದುಗಡೆ ಎಲ್ಲರಿಗೂ ಸೇರಿ ಒಂದು ಶೌಚಾಲಯ.

ಇಂಥ ಕಟ್ಟಡ ಇರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಒಂದು, ಕೆಡವಿ. ಇನ್ನೊಂದು, ಎದುರಿಗೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟ್ ಹೊದಿಸಿ. ಮೂರನೆಯ ದಾರಿಯೂ ಇದೆ. ಕಟ್ಟಡ ಏನನ್ನು ತಾಳುತ್ತದೆ ಎಂದು ಮೊದಲು ತಿಳಿದುಕೊಂಡು, ಅದಕ್ಕೆ ತಕ್ಕ ಹೊಸ ಕೆಲಸ ಹುಡುಕುವುದು. ಫೋರ್ಟ್ ಕೊಚ್ಚಿಯ ಹಳೆ ವ್ಯಾಪಾರಿ ಕಂಪನಿಯ ಆಸ್ಪಿನ್‌ವಾಲ್ ಹೌಸ್ 2012ರಿಂದ ಬಿನಾಲೆ ಕಲಾಪ್ರದರ್ಶನದ ಜಾಗವಾಯಿತು. ಆಲಪ್ಪುಳದ ತೆಂಗಿನ ನಾರಿನ ಗೋದಾಮುಗಳಲ್ಲೂ 2021ರಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅಷ್ಟು ದೊಡ್ಡದು ನಮಗೆ ಬೇಡ. ನಮ್ಮದು ಐದು ಸೆಂಟ್ ಜಾಗದ ಎರಡು ಮಾಳಿಗೆಯ ಕಟ್ಟಡ.

ಮೊದಲು: ಕೆಡವಿದರೆ ಅಷ್ಟೇ ಜಾಗ ವಾಪಸ್ ಸಿಗುತ್ತದಾ?

ಈ ಪ್ರಶ್ನೆ ಕೇಳದೆ ಜೆಸಿಬಿ ಕರೆಸಬೇಡಿ. ಹಳೆ ಕಟ್ಟಡಗಳು ರಸ್ತೆಗೆ ತಾಗಿಯೇ ನಿಂತಿವೆ. ಈಗ ಹೊಸದು ಕಟ್ಟಬೇಕಾದರೆ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿಯಂಥ ರಸ್ತೆಗಳ ಗಡಿಯಿಂದ 3 ಮೀಟರ್ ಬಿಡಬೇಕು. 10 ಮೀಟರ್ ಅಗಲ, 20 ಮೀಟರ್ ಉದ್ದದ ಜಾಗ ಅಂದರೆ ಸುಮಾರು ಐದು ಸೆಂಟ್. ಎದುರಿನ 3 ಮೀಟರ್ ಬಿಟ್ಟ ಕೂಡಲೇ 30 ಚದರ ಮೀಟರ್, ಅಂದರೆ ನೂರಕ್ಕೆ 15 ಪಾಲು ಹೋಯಿತು. ಅದೂ ಅತಿ ಬೆಲೆಯ ಭಾಗ. ಮೇಲಿಂದ ಬದಿಗಳಲ್ಲಿ, ಹಿಂದುಗಡೆ ಬಿಡಬೇಕಾದದ್ದು, ಪಾರ್ಕಿಂಗ್. ಇಂಜಿನಿಯರ್ ಹತ್ತಿರ ಒಂದು ಹಾಳೆಯಲ್ಲಿ ಈ ಲೆಕ್ಕ ಬರೆಸಿ. ನಿಮ್ಮ ಹಳೆ ಕಟ್ಟಡದ ನಿಜವಾದ ಬೆಲೆ ಗೋಡೆಗಿಂತ ಜಾಸ್ತಿ ಅದು ನಿಂತಿರುವ ಜಾಗದಲ್ಲಿದೆ ಎಂದು ಆಗ ಗೊತ್ತಾಗುತ್ತದೆ.

ತಳಂಗರೆ, ಮೊಗ್ರಾಲ್ ಹೊಳೆಬದಿ ಅಥವಾ ಕಡಲಬದಿಯ ಕಟ್ಟಡವಾದರೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನೂ ಈಗಲೇ ನೋಡಿ. ಅಲ್ಲಿ ಕೆಡವಿದ್ದನ್ನು ಮತ್ತೆ ಕಟ್ಟುವುದು ಇನ್ನೂ ಕಷ್ಟ.

ಕಾಗದಪತ್ರ ಮತ್ತು ಬಾಡಿಗೆದಾರರು

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಾಗಾಗಿ ಹಳೆ ಪೇಟೆಯ ಜಾಗಗಳ ಮೂಲ ಆಧಾರ ಕನ್ನಡದಲ್ಲಿರುವುದು ಸಾಮಾನ್ಯ. ಅದೂ ಮೋಡಿ ಹೊಡೆದ ಕೈಬರಹದಲ್ಲಿ. ತೆಂಕಣದ ಕಡೆಯಿಂದ ಬಂದ ಅಧಿಕಾರಿಗೆ, ಬ್ಯಾಂಕಿನ ವಕೀಲರಿಗೆ ಅದು ಓದಲು ಬರುವುದಿಲ್ಲ. ಮನೆಯಲ್ಲಿ ಹಿರಿಯರು ಇರುವಾಗಲೇ ಅದನ್ನು ಕೂತು ಓದಿಸಿ, ಟೈಪ್ ಮಾಡಿಸಿ, ಒಂದು ಮಲಯಾಳ ಅನುವಾದ ಇಟ್ಟುಕೊಳ್ಳಿ. ‘ಪಡುವಕ್ಕೆ ಅಬ್ಬು ಬ್ಯಾರಿಯ ಹಕ್ಕಲು’ ಎಂಬಂಥ ಗಡಿ ವಿವರ ಈಗಿನ ಸರ್ವೆ ನಂಬ್ರಕ್ಕೆ ಹೇಗೆ ಹೊಂದುತ್ತದೆ ಎಂದು ಹೇಳಬಲ್ಲವರು ಅವರೇ.

ಆಧಾರದ ಜತೆ ಈ ವರ್ಷದ ತೀರ್ವೆ ರಶೀದಿ, ವಿಲೇಜ್ ಆಫೀಸಿನ ಪೊಸೆಶನ್ ಸರ್ಟಿಫಿಕೇಟ್, ಕಟ್ಟಡ ತೆರಿಗೆ ರಶೀದಿ, ಎಲ್ಲ ಕೋಣೆಗಳ ಕಟ್ಟಡ ನಂಬ್ರ, ಸಿಕ್ಕಿದರೆ ಹಳೆ ಪ್ಲಾನು ಬೇಕು. ಒಂದೊಂದು ಶಟರಿಗೂ ಬೇರೆ ನಂಬ್ರ ಇರುತ್ತದೆ. ಒಂದಕ್ಕೆ ನಂಬ್ರವೇ ಇಲ್ಲದಿದ್ದರೆ ಆ ಭಾಗ ಆಮೇಲೆ ಸೇರಿಸಿದ್ದು ಎಂದೇ ಅರ್ಥ. ಮೊದಲು ಅದನ್ನು ಸಕ್ರಮ ಮಾಡಿಸಿಕೊಳ್ಳಿ. ಹೆದ್ದಾರಿಗೆ ಸ್ವಲ್ಪ ಜಾಗ ಬಿಟ್ಟುಕೊಟ್ಟವರು ಉಳಿದ ಜಾಗದ ಅಳತೆ ದಾಖಲೆಯಲ್ಲಿ ತಿದ್ದುಪಡಿ ಆಗಿದೆಯಾ ನೋಡಿ. ಪರಿಹಾರದ ಹಣ ಬಂದ ಖುಷಿಯಲ್ಲಿ ಇದನ್ನು ಮರೆತವರು ಬಹಳ ಮಂದಿ ಇದ್ದಾರೆ.

ಇನ್ನು ಬಾಡಿಗೆದಾರರು. ಮೂವತ್ತು ವರ್ಷದಿಂದ ಮೂಲೆಯ ಕೋಣೆಯಲ್ಲಿ ಕೂತ ಟೈಲರ್ ಅಣ್ಣನೊಡನೆ ಮಾತಾಡದೆ ಪ್ಲಾನು ಬರೆಸುವುದು ವ್ಯರ್ಥ. 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಸುಮ್ನೆ ಎಬ್ಬಿಸಲು ಆಗುವುದಿಲ್ಲ. ಪುನರ್ನಿರ್ಮಾಣದ ಕಾರಣ ಕೊಟ್ಟು ಎಬ್ಬಿಸಿದರೂ ಹೊಸ ಕಟ್ಟಡದಲ್ಲಿ ಜಾಗ ಪಡೆಯುವ ಮೊದಲ ಹಕ್ಕು ಅವರದ್ದೇ. ಪಗಡಿ (ಅಂಗಡಿ ಹಿಡಿಯುವಾಗ ಕೊಡುವ ದೊಡ್ಡ ಮೊತ್ತ) ಕೊಟ್ಟು ಬಂದವರಾದರೆ ಮಾತು ಇನ್ನೂ ಉದ್ದ. ಕಟ್ಟಡ ಉಳಿಸಿಕೊಂಡು ಕೆಲಸ ಮಾಡುವುದರಲ್ಲಿ ಇಲ್ಲೊಂದು ಅನುಕೂಲ ಇದೆ. ಅರ್ಧ ಭಾಗ ತೆರೆದಿಟ್ಟು ಇನ್ನರ್ಧದಲ್ಲಿ ಕೆಲಸ ಮಾಡಬಹುದು. ಟೈಲರ್ ಅಣ್ಣ ಮೂರು ತಿಂಗಳು ಪಕ್ಕದ ಕೋಣೆಗೆ ಹೋಗಿ ವಾಪಸ್ ಬರುತ್ತಾರೆ. ಅದನ್ನು ಬರಹದಲ್ಲಿ ಕೊಡಿ, ಬಾಡಿಗೆ ಎಷ್ಟೆಂದೂ ಬರೆಯಿರಿ.

ಕಟ್ಟಡದ ಆರೋಗ್ಯ

ಮೊದಲ ದುಡ್ಡು ಖರ್ಚಾಗಬೇಕಾದದ್ದು ಇಲ್ಲಿ. ಸ್ಟ್ರಕ್ಚರಲ್ ಇಂಜಿನಿಯರನ್ನೇ ಕರೆಸಿ. ಪ್ಲಾನು ಬರೆಯುವವರು ಬೇರೆ, ಇವರು ಬೇರೆ. ಪರೀಕ್ಷೆಗಳಿಗೆ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು, ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಸಿವಿಲ್ ವಿಭಾಗದಲ್ಲಿ ವಿಚಾರಿಸಬಹುದು.

ನಮ್ಮಲ್ಲಿನ ಹಳೆ ಕಟ್ಟಡಗಳು ಹೆಚ್ಚಾಗಿ ಎರಡು ಬಗೆ. ಕೆಂಪುಕಲ್ಲಿನ ಗೋಡೆಯೇ ಭಾರ ಹೊರುವಂಥವು ಒಂದು. ಕಾಂಕ್ರೀಟ್ ಕಂಬ, ಬೀಮಿನ ಮೇಲೆ ನಿಂತವು ಇನ್ನೊಂದು. ಕೆಲವೊಮ್ಮೆ ಕೆಳಗೆ ಒಂದು ಬಗೆ, ಮೇಲೆ ಇನ್ನೊಂದು. ಯಾವುದು ಎಂದು ಗೊತ್ತಾಗದೆ ಎರಡು ಅಂಗಡಿ ನಡುವಿನ ಗೋಡೆ ಒಡೆದರೆ ಮೇಲಿನ ಸ್ಲ್ಯಾಬ್ ತಲೆ ಮೇಲೆ ಬರುತ್ತದೆ.

ಕೆಂಪುಕಲ್ಲು ಒಳ್ಳೆಯ ಕಲ್ಲು. ಹದಿನೇಳನೇ ಶತಮಾನದ ಬೇಕಲ ಕೋಟೆ ಅದರದ್ದೇ. ಭಾರತೀಯ ಮಾನಕ ಐಎಸ್ 3620 ಪ್ರಕಾರ ಕಲ್ಲು ಕನಿಷ್ಠ 3.5 ನ್ಯೂಟನ್ ಪ್ರತಿ ಚದರ ಮಿಲಿಮೀಟರ್ ಒತ್ತಡ ತಾಳಬೇಕು, ನೂರಕ್ಕೆ 12ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಹಳೆ ಗೋಡೆಯಿಂದ ಒಂದೆರಡು ಕಲ್ಲು ಬಿಡಿಸಿ ಪರೀಕ್ಷೆಗೆ ಕೊಡಿ. ಅದಕ್ಕಿಂತ ಮೊದಲು ನೆಲದಿಂದ ಮೂರಡಿ ಎತ್ತರದವರೆಗೆ ಸಿಮೆಂಟ್ ಗಾರೆ ತೆಗೆಸಿ ನೋಡಿ. ಕಲ್ಲು ಬೆರಳಲ್ಲಿ ಕೆರೆದರೆ ಮಣ್ಣಾಗಿ ಉದುರುತ್ತಾ? ಹಾಗಿದ್ದರೆ ಸಿಮೆಂಟ್ ಗಾರೆ ಒಳಗೆ ತೇವ ಕಟ್ಟಿಹಾಕಿದೆ. ಅಂಥ ಕಲ್ಲು ಬದಲಿಸಿ, ಸುಣ್ಣದ ಗಾರೆ ಹಾಕಿಸಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ವಾಟರ್‌ಪ್ರೂಫ್ ಪೇಂಟ್ ಬಳಿದು ಮುಚ್ಚುವುದು ರೋಗವನ್ನು ಒಳಗೆ ಹಾಕಿ ಬೀಗ ಹಾಕಿದ ಹಾಗೆ.

ಕಾಂಕ್ರೀಟ್ ಆದರೆ ಶತ್ರು ಉಪ್ಪು. ಕಡಲ ಗಾಳಿ ಒಂದು ಕಡೆ. ಹೊಳೆ ಬಾಯಿಯಿಂದ ತಂದ ಹೊಯ್ಗೆಯನ್ನು ತೊಳೆಯದೆ ಹಾಕಿದ್ದರೆ ಅದು ಇನ್ನೊಂದು ಕಡೆ. ನೀರೂ ಇದೆ. ಬಾವಿಕ್ಕರೆಯ ರೆಗ್ಯುಲೇಟರ್ (ಹೊಳೆಗೆ ಉಪ್ಪು ನೀರು ನುಗ್ಗದಂತೆ ತಡೆಯುವ ಕಟ್ಟೆ) 2021ರಲ್ಲಿ ಆಗುವ ಮೊದಲು ಬೇಸಿಗೆಯಲ್ಲಿ ಪೇಟೆಯ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನಮಗೆಲ್ಲ ನೆನಪಿದೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ನಿಮ್ಮ ಕಟ್ಟಡ ಕಟ್ಟಿದ ಬೇಸಿಗೆಯಲ್ಲಿ ಯಾವ ನೀರು ಹಾಕಿದ್ದರು ಅಂತ ಈಗ ಯಾರು ಹೇಳಬೇಕು? ಕಾಂಕ್ರೀಟೇ ಹೇಳಬೇಕು. ಅದಕ್ಕೆ ಕ್ಲೋರೈಡ್ ಪರೀಕ್ಷೆ ಮಾಡಿಸಿ.

ಒಂದು ಪರೀಕ್ಷೆ ನೀವೇ ಎದುರು ನಿಂತು ನೋಡುವಂಥದ್ದು. ಬೀಮಿನ ಮೂಲೆಯಲ್ಲಿ ಒಂದು ಚೂರು ಕಾಂಕ್ರೀಟ್ ಒಡೆದು, ಧೂಳು ಊದಿ, ಆ ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಒಳ್ಳೆಯ ಕಾಂಕ್ರೀಟ್ ಕೂಡಲೇ ಗಾಢ ಗುಲಾಬಿಯಾಗುತ್ತದೆ. ಹೊರಗಿನಿಂದ ಎಷ್ಟು ಆಳದವರೆಗೆ ಬಣ್ಣ ಬರಲಿಲ್ಲವೋ ಅಷ್ಟು ಆಳಕ್ಕೆ ಕಾಂಕ್ರೀಟ್ ತನ್ನ ಕ್ಷಾರ ಕಳೆದುಕೊಂಡಿದೆ. ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಆ ಕ್ಷಾರವೇ. ಸ್ಕೇಲ್ ಹಿಡಿದು ಅಳೆಯಿರಿ. ಬಣ್ಣ ಬಾರದ ಪಟ್ಟಿ 30 ಮಿಲಿಮೀಟರ್, ಕಬ್ಬಿಣ ಇರುವುದು 20 ಮಿಲಿಮೀಟರ್ ಒಳಗೆ ಎಂದಾದರೆ ಕಬ್ಬಿಣಕ್ಕೆ ರಕ್ಷಣೆ ಹೋಯಿತು. ಬಣ್ಣ ಚೆನ್ನಾಗಿ ಬಂದರೂ ಉಪ್ಪಿನ ಪರೀಕ್ಷೆ ಬಿಡಬೇಡಿ. ಕ್ಷಾರ ಇದ್ದಾಗಲೂ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಸೀಲಿಂಗಿನಿಂದ ಹಪ್ಪಳದ ಹಾಗೆ ಉದುರುವುದು ಅದೇ. ಮೇಸ್ತ್ರಿ ‘ಪ್ಯಾಚ್ ಹಾಕುವ, ಏನೂ ಆಗುವುದಿಲ್ಲ’ ಎಂದರೆ ಒಪ್ಪಬೇಡಿ. ತುಕ್ಕು ಉಜ್ಜಿ ತೆಗೆದು, ಸಣ್ಣಗಾದ ಕಬ್ಬಿಣಕ್ಕೆ ಜತೆ ಕಬ್ಬಿಣ ಕೊಟ್ಟು, ಪಾಲಿಮರ್ ಗಾರೆ ಅಥವಾ ಜಾಕೆಟಿಂಗ್ (ಸುತ್ತ ಹೊಸ ಕಾಂಕ್ರೀಟಿನ ಕವಚ) ಮಾಡಬೇಕು.

ಕಂಬಗಳಲ್ಲೇ ಉಪ್ಪು ಸೇರಿದ್ದರೆ, ನೆಲ ಒಂದೇ ಕಡೆ ಕುಸಿದಿದ್ದರೆ, ಆಗ ಕೆಡವುವುದೇ ಸರಿ. ಎಲ್ಲ ಹಳೆ ಕಟ್ಟಡವನ್ನೂ ಉಳಿಸಬೇಕು ಎಂಬ ಹಠ ನನಗಿಲ್ಲ.

ಹಂಚಿನ ಮಾಡಿನ ಕಟ್ಟಡವಾದರೆ ನೀವು ಅದೃಷ್ಟವಂತರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚು ಇಂದಿಗೂ ಬಾಳಿಕೆಗೆ ಹೆಸರು. ಹಂಚು ಇಳಿಸುವಾಗ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಇಡಿ, ಡಬ್ ಎಂದರೆ ಬಿಡಿ. ಪಕ್ಕಾಸಿನ ತುದಿ, ಗೋಡೆಯೊಳಗೆ ಹೋಗುವ ಜಾಗ, ಅಲ್ಲೇ ಒರಲೆ ಹಿಡಿಯುವುದು. ಪೂರ್ತಿ ಮರ ಬದಲಿಸುವ ಮೊದಲು ತುದಿ ಮಾತ್ರ ಬದಲಿಸಲಾಗುತ್ತದಾ ಎಂದು ಹಳೆ ಆಚಾರಿಯೊಬ್ಬರನ್ನು ಕೇಳಿ. ಹಳೆ ಟಾಕೀಸು, ಗೋದಾಮುಗಳ ಮೇಲಿರುವ ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಒಡೆಯದೆ, ನೀರು ಹಾಯಿಸಿ, ಮಾಸ್ಕ್ ಹಾಕಿಕೊಂಡು ಇಡಿಯಾಗಿ ಇಳಿಸಬೇಕು.

ಯಾವ ಕೆಲಸಕ್ಕೆ ಯಾವ ಕಟ್ಟಡ

ಈಗ ವರದಿ ಕೈಗೆ ಬಂತು. ‘ಕಾಫಿ ಶಾಪ್ ಮಾಡುವ’ ಎಂದು ಮಗ ಹೇಳುತ್ತಾನೆ, ‘ಹಾಲ್ ಮಾಡುವ’ ಎಂದು ಭಾವ ಹೇಳುತ್ತಾರೆ. ಅದಕ್ಕಿಂತ ಮೊದಲು ನೆಲ ಎಷ್ಟು ಭಾರ ತಾಳುತ್ತದೆ ಎಂದು ನೋಡಿ. ಐಎಸ್ 875ರ ಎರಡನೇ ಭಾಗ ಪ್ರತಿ ಚದರ ಮೀಟರಿಗೆ ಎಷ್ಟು ಭಾರ ಹಿಡಿಯಬೇಕು ಎಂದು ಹೇಳುತ್ತದೆ. ಕಿಲೋ ಲೆಕ್ಕದಲ್ಲಿ ಸುಮಾರಾಗಿ ಹೇಳುವುದಾದರೆ ಲಾಡ್ಜ್ ರೂಮು, ಮನೆ, ಆಸ್ಪತ್ರೆ ವಾರ್ಡಿಗೆ 200. ಕ್ಲಾಸ್‌ರೂಮಿಗೆ 300. ಆಫೀಸಿಗೆ 250ರಿಂದ 400. ಅಂಗಡಿಗೆ 400. ಕುರ್ಚಿ ಕೂರಿಸದ ಸಭಾಂಗಣಕ್ಕೆ, ಜಿಮ್ಮಿಗೆ 500. ಪುಸ್ತಕದ ರ‍್ಯಾಕು ತುಂಬಿದ ಕೋಣೆಗೆ 600. ಗೋದಾಮಿಗೆ ಕನಿಷ್ಠ 750.

ಇದನ್ನೇ ಒಂದು ಏಣಿ ಎಂದುಕೊಳ್ಳಿ. ಹೆಚ್ಚು ಭಾರದ ಕೆಲಸದಿಂದ ಕಡಿಮೆ ಭಾರದ್ದಕ್ಕೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಅಡಿಕೆ ಗೋದಾಮನ್ನು ಆಫೀಸು ಮಾಡಬಹುದು. ಮಾಳಿಗೆಯ ಲಾಡ್ಜನ್ನು ಲೈಬ್ರರಿ ಮಾಡಬೇಕಾದರೆ ಮೂರು ಪಟ್ಟು ಭಾರ. ಪಾರ್ತಿಸುಬ್ಬನ ನಾಡಲ್ಲವಾ, ಯಕ್ಷಗಾನ ತರಗತಿಗೆ ಮೇಲಿನ ಮಾಳಿಗೆ ಕೊಡುವ ಎಂದು ಯಾರಿಗಾದರೂ ಅನಿಸುತ್ತದೆ. ಇಪ್ಪತ್ತು ಮಕ್ಕಳು ಚೆಂಡೆಗೆ ಒಟ್ಟಿಗೆ ಹೆಜ್ಜೆ ಹಾಕುವ ನೆಲ ಅದು. ಲಾಡ್ಜಿನ ಸ್ಲ್ಯಾಬಿಗೆ ಅದು ಬೇಡ, ಕೆಳಗಿನ ಅಂಗಡಿಗಳಲ್ಲಿ ಮಾಡಿಸಿ.

ಎರಡನೆಯದು ಮೆಟ್ಟಿಲು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಂತೆ ಜನ ಸೇರುವ ಹಾಲ್, ಆಸ್ಪತ್ರೆಗೆ ಮೆಟ್ಟಿಲು 2 ಮೀಟರ್ ಅಗಲ ಬೇಕು, ಶಾಲೆಗೆ, ಆಫೀಸಿಗೆ 1.5 ಮೀಟರ್. ನಮ್ಮ ಹಳೆ ಕಟ್ಟಡಗಳಲ್ಲಿ ಇದು ಎಲ್ಲಿರುತ್ತದೆ? ಒಂದು ಶಟರಿನ ಜಾಗ ಬಿಟ್ಟುಕೊಟ್ಟು ಹೊಸ ಮೆಟ್ಟಿಲು ಹಾಕಲೇಬೇಕಾಗುತ್ತದೆ. ಬಾಡಿಗೆ ಲೆಕ್ಕ ಹಾಕುವಾಗ ಆ ಶಟರನ್ನು ಬಿಟ್ಟೇ ಹಾಕಿ.

ಮೂರನೆಯದು ನೀರು. 20 ಜನ ಆಫೀಸಿನಲ್ಲಿ ದಿನಕ್ಕೆ ತಲಾ 45 ಲೀಟರ್ ಲೆಕ್ಕದಲ್ಲಿ 900 ಲೀಟರ್ ಬಳಸುತ್ತಾರೆ. ಅದೇ 20 ಜನ ಹಾಸ್ಟೆಲಿನಲ್ಲಿ 135 ಲೀಟರ್ ಲೆಕ್ಕದಲ್ಲಿ 2,700 ಲೀಟರ್. ಅಷ್ಟೂ ನಿಮ್ಮ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೇ ಹೋಗಬೇಕು. ಇಂಗುಗುಂಡಿ ಬಾವಿಯಿಂದ 7.5 ಮೀಟರ್ ದೂರ ಇರಬೇಕು, ಪಕ್ಕದ ಮನೆಯವರ ಬಾವಿಯಿಂದಲೂ. ಸಣ್ಣ ಜಾಗದಲ್ಲಿ ಹಾಸ್ಟೆಲ್ ಯೋಚನೆ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ.

ಇಷ್ಟೆಲ್ಲ ದಾಟಿ ಉಳಿಯುವ ಉಪಯೋಗಗಳು ಯಾವುವು? ನನ್ನ ಅಭಿಪ್ರಾಯ ಕೇಳಿದರೆ, ಜನ ಮಂಗಳೂರಿಗೆ ಯಾಕೆ ಹೋಗುತ್ತಾರೆ ಎಂದು ನೋಡಿ. ರಕ್ತ ಪರೀಕ್ಷೆ, ಫಿಸಿಯೋಥೆರಪಿ, ಕಣ್ಣು, ಹಲ್ಲು. ಇವಕ್ಕೆ ಸಣ್ಣ ಕೋಣೆಗಳೇ ಸಾಕು, ಶಟರ್ ಕೋಣೆಗಳು ಸರಿಯಾಗಿ ಹೊಂದುತ್ತವೆ. ಪಿಎಸ್‌ಸಿ ಕೋಚಿಂಗ್, ಓದುವ ಕೋಣೆಗೆ ಮೇಲಿನ ಮಾಳಿಗೆ, ನೆಲ ಅಷ್ಟು ಭಾರ ತಾಳುತ್ತದೆ ಎಂದು ವರದಿ ಹೇಳಿದರೆ, ಆದೀತು, ಕನ್ನಡದಲ್ಲಿ ಕಲಿಸುವವರು ಸಿಕ್ಕಿದರೆ ಮಂಜೇಶ್ವರ ಕಡೆಯ ಮಕ್ಕಳೂ ಬರುತ್ತಾರೆ. ಗಲ್ಫಿನಿಂದ ಬಂದವರು, ಮನೆಯಿಂದಲೇ ಐಟಿ ಕೆಲಸ ಮಾಡುವವರು ಕೂರಲು ಜಾಗ ಹುಡುಕುತ್ತಾರೆ. ಇನ್ನೊಂದು ಬಟ್ಟೆ ಅಂಗಡಿ ಮಾತ್ರ ದಯವಿಟ್ಟು ಬೇಡ.

ಪರ್ಮಿಟ್

ಕಾಸರಗೋಡು, ಕಾಞಂಗಾಡು, ನೀಲೇಶ್ವರಕ್ಕೆ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮ 2019, ಕುಂಬಳೆ, ಬದಿಯಡ್ಕದಂಥ ಕಡೆಗೆ ಪಂಚಾಯತ್ ಕಟ್ಟಡ ನಿಯಮ 2019. ಎರಡರಲ್ಲೂ ಕಟ್ಟಡಗಳನ್ನು ಉಪಯೋಗದ ಮೇಲೆ ಗುಂಪು ಮಾಡಿದ್ದಾರೆ. ಲಾಡ್ಜ್ ಎ2, ಶಿಕ್ಷಣ ಬಿ, ಆಸ್ಪತ್ರೆ ಸಿ, ಜನ ಸೇರುವ ಜಾಗ ಡಿ, ಆಫೀಸು ಇ, ಅಂಗಡಿ ಎಫ್, ಗೋದಾಮು ಎಚ್. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಪರ್ಮಿಟ್ ಬೇಕು, ಒಂದು ಇಟ್ಟಿಗೆ ಕೂಡ ಅಲ್ಲಾಡಿಸದಿದ್ದರೂ ಸಹ. ಎಫ್‌ನಿಂದ ಇಗೆ, ಅಂದರೆ ಅಂಗಡಿಯಿಂದ ಆಫೀಸಿಗೆ, ಹೋಗುವುದು ಹಗುರ. ಜನ ಸೇರುವ ಡಿ ಗುಂಪಿಗೆ ಹೋಗುವುದು ದೊಡ್ಡ ತಲೆನೋವು, ಪಾರ್ಕಿಂಗ್ ಅಷ್ಟು ಕೇಳುತ್ತಾರೆ.

ಅರ್ಜಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ನಗರಸಭೆಗಳಲ್ಲಿ 2024ರ ಜನವರಿ 1ರಿಂದ, ಪಂಚಾಯತ್‌ಗಳಲ್ಲಿ 2025ರಿಂದ ಇದೇ ಇದೆ. ಲೈಸೆನ್ಸ್ ಇರುವ ಇಂಜಿನಿಯರ್ ಪ್ಲಾನು ಹಾಕುತ್ತಾರೆ. ನೀವಾಗಿ ಬರೆಯುವ ಮನವಿ, ಆಕ್ಷೇಪಕ್ಕೆ ಉತ್ತರ ಇವನ್ನು ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕು ಅದು. ಅಗ್ನಿಶಾಮಕ ದಳ, ಮಾಲಿನ್ಯ ನಿಯಂತ್ರಣ ಮಂಡಳಿ, ಲಿಫ್ಟ್ ಇದ್ದರೆ ಇಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್, ಹೆದ್ದಾರಿಗೆ ದಾರಿ ಬೇಕಿದ್ದರೆ ಹೆದ್ದಾರಿ ಪ್ರಾಧಿಕಾರ, ಇವುಗಳಲ್ಲಿ ನಿಮಗೆ ಯಾವುದು ಬೇಕು ಎಂದು ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಕೆಲಸ ಯಾವಾಗ, ಹೇಗೆ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು. ಮಾಡು, ಗೋಡೆ ಬಿಚ್ಚುವ ಕೆಲಸ ದೀಪಾವಳಿ ಕಳೆದು ಶುರುವಾಗಿ ಏಪ್ರಿಲ್ ಒಳಗೆ ಮುಗಿಯಬೇಕು. ಮಳೆಗಾಲದಲ್ಲಿ ಒಳಗಿನ ವಯರಿಂಗ್, ಪ್ಲಂಬಿಂಗ್, ಮರದ ಕೆಲಸ ಇಟ್ಟುಕೊಳ್ಳಿ. ಸುಣ್ಣದ ಗಾರೆ ಒಣಗಲು ಸಮಯ ಬೇಕು, ಜೂನ್ ಬಂದ ಮೇಲೆ ಅದು ಆಗುವ ಮಾತಲ್ಲ.

ಎರಡು ಅಂಗಡಿ ಒಂದು ಮಾಡುವಾಗ ಮೊದಲು ಎರಡೂ ಬದಿ ಜಾಕಿ ಕೊಟ್ಟು ಸ್ಲ್ಯಾಬಿನ ಭಾರ ಹೊರಿಸಬೇಕು. ಆಮೇಲೆ ಗೋಡೆಯ ಒಂದು ಮೈಯಲ್ಲಿ ಅರ್ಧ ದಪ್ಪಕ್ಕೆ ಸೀಳಿ ಒಂದು ಉಕ್ಕಿನ ಐ-ಬೀಮ್ ಕೂರಿಸಿ, ಗಟ್ಟಿಯಾದ ಮೇಲೆ ಇನ್ನೊಂದು ಮೈಯಲ್ಲಿ ಇನ್ನೊಂದು. ಕೆಳಗಿನ ಕಲ್ಲು ತೆಗೆಯುವುದು ಕೊನೆಗೆ. ಬೀಮಿನ ತುದಿಗಳು ಕೂರುವಲ್ಲಿ ಕೆಂಪುಕಲ್ಲಿನ ಮೇಲೆ ನೇರ ಕೂರಿಸದೆ ಕಾಂಕ್ರೀಟ್ ದಿಂಡು ಹಾಕಿಸಿ. ತೆಗೆದ ಕಲ್ಲು ಮಣ್ಣು ತುಂಬಿಸಲು ಕೊಡಬೇಡಿ, ಕಂಪೌಂಡಿಗೆ, ರ‍್ಯಾಂಪಿಗೆ ಬೇಕಾಗುತ್ತದೆ.

ರ‍್ಯಾಂಪ್ ಬಿಡಬೇಡಿ. 1 ಅಡಿ ಏರಲು 12 ಅಡಿ ಉದ್ದ ಎಂಬುದು ಲೆಕ್ಕ. ಜಗಲಿ 60 ಸೆಂಟಿಮೀಟರ್ ಎತ್ತರ ಇದ್ದರೆ 7.2 ಮೀಟರ್ ಬೇಕು. ಎದುರಿಗೆ ಆಗದಿದ್ದರೆ ಬದಿಯಿಂದ ತನ್ನಿ. ಎಂಡೋಸಲ್ಫಾನ್ ಕಂಡ ಜಿಲ್ಲೆಯಲ್ಲಿ ಗಾಲಿಕುರ್ಚಿ ಹತ್ತದ ಲ್ಯಾಬ್ ತೆರೆಯುವುದು ನಾಚಿಕೆಯ ವಿಷಯ. ಕೆಲವು ಕಡೆ ಸರ್ವಿಸ್ ರೋಡೇ ಅಂಗಡಿ ನೆಲಕ್ಕಿಂತ ಮೇಲೆ ಬಂದಿದೆ. ಅಲ್ಲಿ ರ‍್ಯಾಂಪಿಗಿಂತ ಮೊದಲು ಶಟರ್ ಉದ್ದಕ್ಕೂ ಚರಂಡಿ ಮತ್ತು ಜಾಲರಿ ಬೇಕು.

ಎದುರಿಗೆ ಏನು ಹೊದಿಸುವುದು? ಏನೂ ಬೇಡ. ಎಸಿಪಿ ಶೀಟಿನ ಹಿಂದೆ ಗೋಡೆ ಒಣಗುವುದಿಲ್ಲ, ಕಿಟಿಕಿ ಮುಚ್ಚಿಹೋಗುತ್ತದೆ, ಒಳಗೆ ಸೆಕೆ. ಪ್ಲಾಸ್ಟಿಕ್ ತಿರುಳಿನ ಶೀಟಾದರೆ ಬೆಂಕಿಗೂ ಬೇಗ ಸಿಗುತ್ತದೆ. ಹಳೆಯ ಕಾಂಕ್ರೀಟ್ ಜಾಲಿ, ಸಜ್ಜಾ ಇದ್ದರೆ ತೊಳೆದು ರಿಪೇರಿ ಮಾಡಿ ಬಿಡಿ. ಅಡ್ಡ ಗಾಳಿ ಬಂದರೆ ಅರ್ಧ ವರ್ಷ ಏಸಿ ಬೇಡ.

ವಯರಿಂಗ್ ಪೂರ್ತಿ ಹೊಸದು ಮಾಡಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸಮೇತ. ಇದರಲ್ಲಿ ಉಳಿತಾಯ ಮಾಡಬಾರದು. ಬಜೆಟ್ಟಿನಲ್ಲಿ ಐದರಲ್ಲೊಂದು ಪಾಲು ಯಾವುದಕ್ಕೂ ಹಂಚದೆ ಇಟ್ಟಿರಿ, ಗಾರೆ ತೆಗೆದಾಗ ಏನು ಕಾಣುತ್ತದೋ ಹೇಳಲಾಗದು.

ಬಾಗಿಲು ತೆರೆಯುವ ಮೊದಲು

ಕೆಎಸ್‌ಇಬಿಯಲ್ಲಿ ಕನೆಕ್ಟೆಡ್ ಲೋಡ್ ತಿದ್ದಿಸಿ, ಟ್ಯಾರಿಫ್ ಬದಲಾಯಿಸಿಕೊಳ್ಳಿ. ವಾಣಿಜ್ಯದ 7ಎ ದರದಲ್ಲೇ ಸುಮ್ನೆ ಕಟ್ಟುತ್ತಿರಬೇಡಿ, ಸಣ್ಣ ಉತ್ಪಾದನಾ ಘಟಕವಾದರೆ 4ಎ ಸಿಗಬಹುದು. ನಗರಸಭೆಯಲ್ಲಿ ಆಕ್ಯುಪೆನ್ಸಿ (ಕಟ್ಟಡ ಬಳಸಲು ಅನುಮತಿ) ಆದ ಮೇಲೆ ಹೊಸ ನಂಬ್ರ, ಹೊಸ ತೆರಿಗೆ. ಎರಡು ಕೋಣೆ ಒಂದಾಗಿದ್ದರೆ ಹಳೆಯ ನಂಬ್ರ ರದ್ದಾಗಿದೆಯಾ ನೋಡಿ, ಇಲ್ಲದಿದ್ದರೆ ಇಲ್ಲದ ಅಂಗಡಿಗೆ ತೆರಿಗೆ ಬರುತ್ತಲೇ ಇರುತ್ತದೆ. ಬಾಡಿಗೆ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ.

ಕೊನೆಗೊಂದು ಫೈಲು ಮಾಡಿ. ಪರೀಕ್ಷಾ ವರದಿ, ಬದಲಿಸಿದ ಪ್ಲಾನು, ಗಾರೆ ಮುಚ್ಚುವ ಮೊದಲು ತೆಗೆದ ಪೈಪು, ವಯರು, ಐ-ಬೀಮಿನ ಫೋಟೋಗಳು. ಫೋಟೋ ತೆಗೆಯುವಾಗ ಗೋಡೆಗೆ ಟೇಪ್ ಹಿಡಿದು ತೆಗೆಯಿರಿ, ಎಷ್ಟು ಅಡಿಯಲ್ಲಿ ಏನಿದೆ ಎಂದು ಗೊತ್ತಾಗಲಿ. ಅದರ ಒಂದು ಪ್ರತಿ ಬಾಡಿಗೆದಾರರಿಗೂ ಕೊಡಿ, ಏಸಿ ಕೂರಿಸಲು ಗೋಡೆ ಕೊರೆಯುವವರು ಅವರೇ.